ಚೊಂಬಿನ ಕೊರಳಲ್ಲಿ ಹದಿನಾರು ಅಂಕಿ

ಇಪ್ಪತ್ತೊಂದನೇ ಶತಮಾನ ಎಲ್ಲರ ಊರಿಗೂ ಎರಡು ಸಾವಿರದ ಇಸವಿಯಲ್ಲಿ ಬಂತಂತೆ. ಬರಲಿ, ಪಾಪ! ನಮ್ಮ ಉತ್ತಮಪಾಳಯಂಗೆ ಮಾತ್ರ ಅದನ್ನು ಈ ಮೂಕಯ್ಯ, ಅಂದರೆ ನಾನೇ, ತೊಂಬತ್ತೆಂಟರಲ್ಲೇ ಥೇನಿಯಿಂದ ಟೌನ್ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಕಂಡಕ್ಟರ್ ಅದಕ್ಕೂ ಒಂದು ಲಗೇಜ್ ಟಿಕೆಟ್ ಹರಿದ.

ಕಂಬಂ ರಸ್ತೆಯಲ್ಲಿ ಬಾಳೆಕಾಯಿ ಮಂಡಿಯ ಎದುರಿಗಿರುವ ಸ್ಟೀಲ್ ಪಾತ್ರೆ ಅಂಗಡಿ ನನ್ನದು. ಮನೆಯಲ್ಲಿ ಕನ್ನಡ, ಗಲ್ಲಾದಲ್ಲಿ ತಮಿಳು. ಇನ್ನು ಇಂಗ್ಲಿಷ್ ಒಂದು ಬಾಕಿ ಇತ್ತು. ಅದನ್ನೂ ಮಾತಾಡಿಬಿಡೋಣ ಎಂದು ಕ್ರೆಡಿಟ್ ಕಾರ್ಡ್ ಉಜ್ಜುವ ಮೆಷಿನ್ ತಂದೆ. ಥೇನಿಯ ಒಂದು ಬ್ಯಾಂಕಿನವರು ಅರ್ಧ ಗಂಟೆ ಪಾಠ ಹೇಳಿ ಕೊಟ್ಟಿದ್ದರು. ಒಂದು ಕಬ್ಬಿಣದ ಹಲಗೆ, ಅದರ ಮೇಲೆ ಆಚೆಯಿಂದ ಈಚೆಗೆ ಓಡುವ ಒಂದು ಉರುಳೆ. ಹಲಗೆಯ ಮೇಲೆ ಗಿರಾಕಿಯ ಕಾರ್ಡ್ ಇಡಬೇಕು, ಕಾರ್ಡಿನ ಮೇಲೆ ಮೂರು ಪದರದ ಕಾಗದ ಇಡಬೇಕು, ಕರಕ್ ಎಂದು ಉರುಳೆ ಎಳೆಯಬೇಕು. ಕಾರ್ಡಿನಲ್ಲಿ ಉಬ್ಬಿರುವ ನಂಬರು, ಹೆಸರು ಎಲ್ಲ ಕಾಗದಕ್ಕೆ ಇಳಿಯುತ್ತದೆ. ಗಿರಾಕಿ ಸಹಿ ಹಾಕಿದರೆ ಮುಗಿಯಿತು! ಕರೆಂಟು ಬೇಡ, ಫೋನು ಬೇಡ, ಚಿಲ್ಲರೆ ಬೇಡ.

ನನ್ನ ಹೆಂಡತಿ ಪೊನ್ನುತಾಯಿ ಅದನ್ನು ಎರಡು ಸುತ್ತು ಸುತ್ತಿ ನೋಡಿದಳು.

“ಏನ್ ಮಾವಾ ಇದು? ಮುರುಕ್ಕು ಒತ್ತದಾ?”

“ಮುರುಕ್ಕೂ ಅಲ್ಲ, ಇಡಿಯಪ್ಪವೂ ಅಲ್ಲ. ಕಾಸು ಒತ್ತೋ ಮೆಷಿನ್ನು!”

“ಕಾಸು ಇದ್ರೊಳಗಿಂದ ಬತ್ತದಾ?”

“ಬರಲ್ಲ. ಮೊದ್ಲು ಕಾಯಿದ ಬತ್ತದೆ. ಕಾಯಿದ ಥೇನಿಗೆ ಓಗ್ತದೆ. ಥೇನಿಯಿಂದ ಚೆನ್ನೈಗೆ ಓಗ್ತದೆ. ಆಮ್ಯಾಲೆ ಕಾಸು ನಮ್ಮ ಬ್ಯಾಂಕ್ ಕಣಕ್ಕಿಗೆ ಬತ್ತದೆ.”

“ಅಷ್ಟು ದೂರ ಏನ್ಕೆ ಓಗಿ ಬರ್ಬೇಕು? ಗಿರಾಕಿ ಇಲ್ಲೇ ಎದ್ರಿಗೆ ನಿಂತಿರ್ತಾನಲ್ಲಾ?”

ಈ ಪ್ರಶ್ನೆಗೆ ಬ್ಯಾಂಕಿನ ಪಾಠದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಗಂಡನಾದವನು ಉತ್ತರವಿಲ್ಲದಾಗ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ದನಿ ಏರಿಸಿದೆ.

“ಇದು ಕಂಪ್ಯೂಟರ್ ಕಾಲ ಪೊನ್ನು! ಇದ್ರ ವಿಷ್ಯದಲ್ಲಿ ನೀನು ಬಾಯೇ ತೆಗೀಬೇಡ.”

“ಸರಿ,” ಎಂದಳು.

ಆ ಒಂದು ‘ಸರಿ’ ನನ್ನನ್ನು ಎಷ್ಟು ಸುತ್ತಾಡಿಸಿತು ಎಂಬುದೇ ಈ ಕಥೆ.

ಅದಕ್ಕೂ ಮೊದಲು ಒಂದು ವಿಷಯ ಹೇಳಬೇಕು. ಆವಣಿ ತಿಂಗಳ ಮುಹೂರ್ತಗಳಿಗೆ ಸರಕು ತುಂಬಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಪೊನ್ನುತಾಯಿ ತನ್ನ ಕೊರಳಿನ ಮೂರು ಪವನ್ ಸರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಿದ್ದಳು. “ಅಡ ಇಟ್ಕೊಳ್ಳಿ ಮಾವಾ. ಆದ್ರೆ ಐಪ್ಪಸಿ ತಿಂಗ್ಳು ಏಳಕ್ಕೆ ಆಂಡಿಪಟ್ಟೀಲಿ ನಮ್ಮಣ್ಣನ ಹೊಸ ಮನೆ ಒಕ್ಕಲು. ಅಷ್ಟೊತ್ತಿಗೆ ಬಿಡಿಸಿ ಕೊಟ್ಬಿಡಿ. ಅತ್ತಿಗೆ ಮುಂದೆ ಬರೇ ಕೊರಳಲ್ಲಿ ನಿಲ್ಲಾಕೆ ನಂಗಾಗಲ್ಲ.” ಇಷ್ಟೇ ಅವಳು ಕೇಳಿದ್ದು. ನಾನು ಎದೆ ತಟ್ಟಿ ಒಪ್ಪಿಕೊಂಡಿದ್ದೆ.

ಶುಕ್ರವಾರ ಬೆಳಗ್ಗೆ ಮೆಷಿನ್‌ಗೆ ಪೂಜೆ. ಹೊಸ ಲಾರಿ ಬಂದರೆ ನಾವು ಏನು ಮಾಡುತ್ತೇವೆ? ಗಂಧ, ಕುಂಕುಮ, ಹೂವು. ಚಕ್ರದ ಕೆಳಗೆ ನಿಂಬೆಹಣ್ಣು. ಇದಕ್ಕೂ ಉರುಳೆ ಇದೆಯಲ್ಲ? ಉರುಳುವುದೆಲ್ಲ ವಾಹನವೇ ಎಂದು ತೀರ್ಮಾನಿಸಿ ಒಂದು ನಿಂಬೆಹಣ್ಣನ್ನು ಉರುಳೆಯ ಕೆಳಗಿಟ್ಟು ಬಲವಾಗಿ ಎಳೆದೆ. ಪಚಕ್! ರಸ ನನ್ನ ಬಿಳಿ ಅಂಗಿಗೂ ಪೊನ್ನುತಾಯಿಯ ಕಣ್ಣಿಗೂ ಹಾರಿತು. ದೃಷ್ಟಿ ಹೋಯಿತು ಎಂದು ನಾನು ಸಂಭ್ರಮಿಸಿದೆ. ಅವಳು ಕಣ್ಣುಜ್ಜಿಕೊಳ್ಳುತ್ತ ಒಳಗೆ ಹೋದಳು. ಬಾಯಿ ಮಾತ್ರ ತೆಗೆಯಲಿಲ್ಲ.

ಹನ್ನೊಂದು ಗಂಟೆಗೆ ಮೊದಲ ಗಿರಾಕಿ ಬಂದ. ಮಾರ್ಕಯನ್‌ಕೋಟ್ಟೈ ಕಂದಸಾಮಿಯವರ ಮಗ ಎಳಿಲ್. ನಮ್ಮವರೇ, ದೂರದ ನೆಂಟ. ಹಡಗಿನಲ್ಲಿ ಇಂಜಿನಿಯರ್. ತಂಗಿ ಮುತ್ತುಸೆಲ್ವಿಯ ಕಲ್ಯಾಣಕ್ಕೆ ರಜೆ ಹಾಕಿ ಬಂದಿದ್ದ.

“ಚಿತ್ತಪ್ಪಾ, ಬಂದೋರಿಗೆಲ್ಲ ತಾಂಬೂಲದ ಜತೆ ಕೊಡಾಕೆ ನೂರ ಒಂದು ಚೊಂಬು ಬೇಕು. ಕಾಸೆಲ್ಲ ಚೆನ್ನೈ ಬ್ಯಾಂಕಲ್ಲಿ ಅದೆ. ಚೆಕ್ ಕೊಟ್ರೆ ತಗೋತೀರಾ?”

ಚೆಕ್ಕು! ಉತ್ತಮಪಾಳಯಂನಲ್ಲಿ ಹಾಕಿದ ಚೆನ್ನೈ ಚೆಕ್ಕು ಹೋಗಿ ಬರುವ ಹೊತ್ತಿಗೆ ಮದುಮಗಳಿಗೆ ಮಗುವಾಗಿ, ಮಗುವಿಗೆ ಹಲ್ಲು ಬಂದಿರುತ್ತದೆ.

“ಚೆಕ್ ಯಾಕಪ್ಪಾ? ಕಾರ್ಡಿಲ್ಲವಾ ನಿನ್ನ ಹತ್ರ?” ಎಂದೆ, ದಿನಾ ಇಂಥ ಹತ್ತು ಕಾರ್ಡು ನೋಡುವವನ ಹಾಗೆ.

ಎಳಿಲ್ ಹುಬ್ಬೇರಿಸಿದ. ಆ ಹುಬ್ಬಿಗಾಗಿಯೇ ನಾನು ಥೇನಿಗೆ ಮೂರು ಸಲ ಅಲೆದಿದ್ದೆ! ಕಾರ್ಡ್ ಇಸಿದುಕೊಂಡು, ಕಾಗದ ಇಟ್ಟು, ಕರಕ್ ಎಂದು ಎಳೆದೆ. ಎಂಟು ಸಾವಿರದ ಐನೂರ ಎಂಬತ್ತೈದು ರೂಪಾಯಿ. ಮೆಷಿನ್ನಿಗೇ ಕೂರಿಸಿದ್ದ ಅಂಗಡಿಯ ಹೆಸರು ಕಾಗದದ ಮೇಲೆ ಚೆನ್ನಾಗಿ ಇಳಿಯಿತು. ಕಾರ್ಡಿನ ಜಾಗದಲ್ಲಿ ಇರುವೆ ನಡೆದ ಹಾಗೆ ಏನೋ ಮಸುಕು, ಜೊತೆಗೆ ಒಂದಿಷ್ಟು ಗಂಧ. ಒಣಗಿದ ಮೇಲೆ ಕಾಣುತ್ತದೆ ಎಂದುಕೊಂಡೆ. ಎಳಿಲ್ ಸಹಿ ಹಾಕಿ, ಎದುರಿನ ಅಂಗಡಿಗೆ ಟೀ ಕುಡಿಯಲು ಹೋದ.

ನನ್ನ ಕೈಯೆಲ್ಲ ಗಂಧ, ನಿಂಬೆರಸ. ಕೈ ತೊಳೆದುಕೊಂಡು ಬರುವವರೆಗೆ ಕಾರ್ಡ್ ಕಳೆದುಹೋಗಬಾರದಲ್ಲ? ಭದ್ರವಾಗಿರಲಿ ಎಂದು ಸಾಲಿನ ಮೊದಲ ಚೊಂಬಿನೊಳಗೆ ಹಾಕಿದೆ.

ಪಾತ್ರೆ ವ್ಯಾಪಾರ ಗೊತ್ತಿರುವವರು ಇಷ್ಟು ಕೇಳಿದರೇ ತಲೆ ಚಚ್ಚಿಕೊಳ್ಳುತ್ತಾರೆ. ನಮ್ಮ ಕಡೆ ಉಡುಗೊರೆಯ ಪಾತ್ರೆಗೆ ಹೆಸರು ಕೊರೆಸದೆ ಯಾರೂ ಕೊಡುವುದಿಲ್ಲ. ಕೊರೆಯಬೇಕಾದ ಹೆಸರನ್ನು ಚೀಟಿಯಲ್ಲಿ ಬರೆದು ಮೊದಲ ಪಾತ್ರೆಯೊಳಗೆ ಹಾಕಿಡುವುದು ಕಟ್ಟಳೆ. ಕೊರೆಯುವವನು ಚೀಟಿ ನೋಡಿ ಮೊದಲ ಪಾತ್ರೆಗೆ ಕೊರೆಯುತ್ತಾನೆ, ಮೊದಲ ಪಾತ್ರೆ ನೋಡಿ ಉಳಿದದ್ದಕ್ಕೆಲ್ಲ ಕೊರೆಯುತ್ತಾನೆ. ನಮ್ಮ ಅಂಗಡಿಯ ಪಾಂಡಿ ಮೂವತ್ತು ವರ್ಷದಿಂದ ಹೀಗೇ ಕೊರೆಯುತ್ತಾ ಬಂದವರು. ನನಗಿಂತ ಹತ್ತು ವರ್ಷ ದೊಡ್ಡವರು. ಇಂಗ್ಲಿಷ್ ಓದಲು ಬಾರದು. ಆದರೆ ಏನು ತೋರಿಸಿದರೂ ಒಂದು ಚುಕ್ಕೆ ಬಿಡದೆ ಇಳಿಸುವ ಕೈ.

ಎಳಿಲ್ ಬರೆದುಕೊಟ್ಟ ಮದುಮಕ್ಕಳ ಹೆಸರಿನ ಚೀಟಿ? ಅದು ನನ್ನ ಜೇಬಿನಲ್ಲೇ ಇತ್ತು. ಒಂದು ತಿಂಗಳು ಅಲ್ಲೇ ಇತ್ತು.

ನಾನು ಕೈ ತೊಳೆದು ಬರುವಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಪಾಂಡಿಯವರ ಕರೆಂಟ್ ಸೂಜಿ ಗುರ್ ಎನ್ನುತ್ತಿತ್ತು. ಮೊದಲ ಚೊಂಬು ಮುಗಿಸಿ ಕಾರ್ಡ್ ತಂದು ಗಲ್ಲಾದ ಮೇಲಿಟ್ಟು, “ಚೀಟಿ ಇಂದಾಂಗ ಮೊದಲಾಳಿ,” ಎಂದು ತಮಿಳಿನಲ್ಲಿ ಹೇಳಿ ಹೋದರು. ಚೀಟಿ ತಗೊಳ್ಳಿ ಯಜಮಾನರೇ ಎಂದರು ಅವರು. ನನ್ನ ತಲೆಗೆ ಅದು ಹೋಗಲೇ ಇಲ್ಲ. ನನ್ನ ತಲೆ ಆಗ ಇಪ್ಪತ್ತೊಂದನೇ ಶತಮಾನದಲ್ಲಿತ್ತು. ಟೀ ಕುಡಿದು ಬಂದ ಎಳಿಲ್‌ಗೆ ಕಾರ್ಡ್ ಕೊಟ್ಟು ಕಳಿಸಿದೆ. ಮರುದಿನ ಚೊಂಬುಗಳು ಮೂಟೆಯಲ್ಲಿ ಮಾರ್ಕಯನ್‌ಕೋಟ್ಟೈಗೆ ಹೋದವು.

ಕಲ್ಯಾಣಕ್ಕೆ ನಾವೂ ಹೋದೆವು. ಪೊನ್ನುತಾಯಿ ಕೊರಳಲ್ಲಿ ಅರಿಸಿನದ ದಾರ ಒಂದೇ. ಸೆರಗು ಎಳೆದೆಳೆದು ಮುಚ್ಚಿಕೊಳ್ಳುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು, ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದೆ. ತಾಂಬೂಲದ ಚೀಲದಲ್ಲಿ ನಮಗೂ ಒಂದು ಚೊಂಬು ಬಂತು. ಮೂರನೇ ದಿನ ಎಳಿಲ್ ಹಡಗು ಹತ್ತಲು ಹೊರಟುಹೋದ.

ಪುರಟ್ಟಾಸಿ ತಿಂಗಳ ಕೊನೆಗೆ ಬ್ಯಾಂಕಿನಿಂದ ಒಂದು ಲಕೋಟೆ ಬಂತು. ದುಡ್ಡು ಬಂತು ಎಂದು ಕುಣಿಯುತ್ತಾ ಒಡೆದೆ. ಒಳಗೆ ನನ್ನದೇ ಕಾಗದ, ವಾಪಸ್ಸು! ಮೆಷಿನನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಥೇನಿಗೆ ಓಡಿದೆ. ಮತ್ತೆ ಲಗೇಜ್ ಟಿಕೆಟ್.

ಬ್ಯಾಂಕಿನ ಆಫೀಸರ್ ಸುಬ್ಬುಲಕ್ಷ್ಮಿ ಕಾಗದವನ್ನು ಬೆಳಕಿಗೆ ಹಿಡಿದರು. “ಸಾರ್, ಅಂಗಡಿ ಹೆಸರಿದೆ, ಸಹಿಯಿದೆ. ಕಾರ್ಡ್ ನಂಬರ್ ಎಲ್ಲಿ?”

“ಒಣಗಿದ ಮೇಲೆ ಕಾಣ್ತದೆ ಅಂದ್ಕೊಂಡೆ ಮೇಡಂ.”

ಅವರು ಕಾಗದ ಪಕ್ಕಕ್ಕಿಟ್ಟರು. ಆಮೇಲೆ ಮೆಷಿನ್ ತಿರುಗಿಸಿ, ಉರುಳೆಯ ಹಾದಿಯಲ್ಲಿ ಗುಂಡುಸೂಜಿ ಆಡಿಸಿ, ಏನನ್ನೋ ಕೆದಕಿ ತೆಗೆದು ನನ್ನ ಮುಂದೆ ಇಟ್ಟರು. ಒಣಗಿದ ನಿಂಬೆ ಬೀಜ!

“ಇದು ನಾವು ಕೊಟ್ಟ ಪಾರ್ಟ್ ಅಲ್ಲವಲ್ಲ ಸಾರ್?”

ಆ ಒಂದು ಬೀಜ ಉರುಳೆಯನ್ನು ಒಂದು ಕೂದಲೆಳೆ ಎತ್ತಿ ಹಿಡಿದಿತ್ತು. ಉರುಳೆ ಕಾರ್ಡಿನ ಮೇಲೆ ಒತ್ತದೆ ಸುಮ್ಮನೆ ತೇಲಿಹೋಗಿತ್ತು. ದೃಷ್ಟಿ ತೆಗೆಯಲು ಹೋಗಿ ನಂಬರನ್ನೇ ತೆಗೆದಿದ್ದೆ.

ಸುಬ್ಬುಲಕ್ಷ್ಮಿಯವರು ಒಳ್ಳೆಯವರು. ನಗಲಿಲ್ಲ. “ಸಹಿ ಇರೋದರಿಂದ ಒಂದು ದಾರಿ ಇದೆ. ಆ ಹದಿನಾರು ಅಂಕಿ, ಕಾರ್ಡಿನ ಮುಗಿಯೋ ತಾರೀಕು ಎಲ್ಲಾದರೂ ಬರೆದಿಟ್ಟಿದ್ದರೆ ತನ್ನಿ. ಚೆನ್ನೈಗೆ ಫೋನ್ ಮಾಡಿ ಕೇಳ್ತೀನಿ. ಇಲ್ಲದಿದ್ದರೆ ಇದು ಬರೀ ಕಾಗದ.”

ಎಲ್ಲಿಂದ ತರಲಿ? ಎಳಿಲ್ ಯಾವ ಸಮುದ್ರದಲ್ಲಿದ್ದಾನೋ. ಕಾಗದ ಬರೆದರೆ ಉತ್ತರಕ್ಕೆ ಎರಡು ತಿಂಗಳು. ಕಂದಸಾಮಿಯವರನ್ನು ಕೇಳೋಣವೇ? ನಿಮ್ಮ ಮಗ ಕೊಟ್ಟ ದುಡ್ಡು ಬಂದಿಲ್ಲ ಎಂದರೆ ಹೊಸ ಬೀಗರ ಮುಂದೆ ಹುಡುಗನ ಮಾನ ಹೋಗುತ್ತದೆ. ತಪ್ಪು ನೋಡಿದರೆ ನನ್ನ ನಿಂಬೆಹಣ್ಣಿನದು. ಈ ದುಡ್ಡು ಬಾರದೆ ಸರ ಬಿಡಿಸುವಂತಿಲ್ಲ, ಐಪ್ಪಸಿ ಏಳಕ್ಕೆ ಒಂಬತ್ತೇ ದಿನ.

ಮನೆಗೆ ಬಂದು ಕುಸಿದು ಕೂತೆ. ಪೊನ್ನುತಾಯಿ ಮಜ್ಜಿಗೆ ತಂದುಕೊಟ್ಟಳು. ಎಲ್ಲವನ್ನೂ ಹೇಳಿಬಿಟ್ಟೆ: ಬೀಜ, ಕಾಗದ, ಅವಳ ಸರ. ಹೇಳುತ್ತಾ ಹೇಳುತ್ತಾ ಅಳುವೇ ಬಂತು.

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ಕೂತಳು.

“ಮಾವಾ, ನಾನು ಬಾಯಿ ತೆಗೀಬೋದಾ?”

“ತೆಗಿ ತಾಯೀ.”

“ಆ ನಂಬರು ಎಷ್ಟು ಅಂದ್ರಿ? ಅದಿನಾರಾ? ನಾಕು ನಾಕಾಗಿ, ನಡುವೆ ಎಡೆ ಬಿಟ್ಟು ಇರ್ತದಾ?”

“ಹೌದು! ನಿಂಗೆ ಎಂಗೆ ಗೊತ್ತು?”

“ತಿಂಗ್ಳಿಂದ ನೀವು ಅದ್ರಲ್ಲೇ ಅಲ್ವಾ ಮಜ್ಜಿಗೆ ಕುಡೀತಾ ಇರೋದು?”

ಕೈಯಲ್ಲಿದ್ದ ಚೊಂಬನ್ನು ನೋಡಿದೆ. ಅದರ ಕೊರಳ ಸುತ್ತ, ಪಾಂಡಿಯವರ ಮುತ್ತಿನಂಥ ಕೊರೆತದಲ್ಲಿ, ಎಳಿಲ್‌ನ ಹೆಸರು ಇಂಗ್ಲಿಷಿನಲ್ಲಿ. ಅದರ ಪಕ್ಕ ಹದಿನಾರು ಅಂಕಿ! ಬೆಚ್ಚಿಬಿದ್ದು ಕೈಬಿಟ್ಟೆ. ಚೊಂಬು ಮೆಟ್ಟಿಲ ಮೇಲೆ ಠಣ್ ಠಣ್ ಎಂದು ಇಳಿದು ಅಂಗಳದ ಕಲ್ಲಿಗೆ ಬಡಿಯಿತು. ಮಜ್ಜಿಗೆ ನಾಯಿಯ ಪಾಲಾಯಿತು.

“ಕಲ್ಯಾಣದಲ್ಲೇ ನೋಡ್ದೆ,” ಎಂದಳು. “ತಂಗಿ ಕಲ್ಯಾಣಕ್ಕೆ ಅಣ್ಣ ತನ್ನ ಎಸ್ರು ಆಕ್ಸವ್ನಲ್ಲಾ, ಜತೆಗೆ ಫೋನ್ ನಂಬರು ಬೇರೆ ಅಂತ ಎಂಗುಸ್ರೆಲ್ಲ ನಗ್ತಾ ಇದ್ರು. ನಿಮ್ಗೆ ಯೋಳನಾ ಅಂದ್ರೆ, ಕಂಪ್ಯೂಟರ್ ಕಾಲ, ಬಾಯಿ ತೆಗೀಬೇಡ ಅಂದಿದ್ರಿ.”

ಪಾಂಡಿಯವರನ್ನು ಕರೆಸಿ ಕೇಳಿದೆ. ಅವರಿಗೆ ಅವಮಾನವಾಗಿಹೋಯಿತು. “ಚೊಂಬಿನೊಳಗೆ ಇದ್ದದ್ದು ಚೀಟಿ ತಾನೇ ಮೊದಲಾಳಿ? ಒಂದು ಅಕ್ಷರ ಬಿಟ್ಟಿದ್ದರೆ ಹೇಳಿ, ಈಗಲೇ ಸೂಜಿ ಕೆಳಗಿಡ್ತೀನಿ. ಚೀಟಿ ಗಟ್ಟಿಯಾಗಿತ್ತು, ಮಿರುಗುತ್ತಿತ್ತು. ದೊಡ್ಡ ಮನೆ ಕಲ್ಯಾಣ, ಚೀಟಿಯೂ ದೊಡ್ಡದಾಗಿ ಮಾಡಿಸಿದ್ದಾರೆ ಅಂದುಕೊಂಡೆ.” ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದವರು ಗಾಬರಿಯಾಗಿ ಕೈ ಬಿಡಿಸಿಕೊಂಡರು.

ಮರುದಿನ ಗಂಡ ಹೆಂಡತಿ ಇಬ್ಬರೂ ಥೇನಿ ಬಸ್ ಹತ್ತಿದೆವು. ಸುಬ್ಬುಲಕ್ಷ್ಮಿಯವರ ಮೇಜಿನ ಮೇಲೆ ಚೊಂಬು ಇಟ್ಟೆ.

“ದಾಖಲೆ, ಮೇಡಂ!”

ಅವರು ಓದಿದರು. ಈ ಸಲ ತಡೆಯಲಾಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಊಟದ ಹೊತ್ತು. ಡಬ್ಬಿ ತೆರೆದಿದ್ದವರು ಮುಚ್ಚಿಟ್ಟು ಚೆನ್ನೈಗೆ ಎಸ್‌ಟಿಡಿ ಹಾಕಿದರು. ನಾಲ್ಕನೇ ಸಲಕ್ಕೆ ಸಿಕ್ಕಿತು. ಚೊಂಬನ್ನು ಮೆಲ್ಲಗೆ ತಿರುಗಿಸುತ್ತಾ ಒಂದೊಂದೇ ಅಂಕಿ ಓದತೊಡಗಿದರು. ಹತ್ತು ಅಂಕಿ ಸಲೀಸು. ಹನ್ನೊಂದಕ್ಕೆ ಬಂದು ನಿಂತರು.

“ಸಾರ್, ಇಲ್ಲಿ ನೆಗ್ಗಿದೆ. ಇದು ಮೂರಾ, ಎಂಟಾ?”

ಮೆಟ್ಟಿಲಿನಿಂದ ಬಿದ್ದದ್ದು ಸರಿಯಾಗಿ ಆ ಅಂಕಿಯ ಮೇಲೆ! ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಒಂದು ಕಡೆಯಿಂದ ಮೂರು, ಇನ್ನೊಂದು ಕಡೆಯಿಂದ ಎಂಟು. ಫೋನಿನಲ್ಲಿ ಚೆನ್ನೈಯವನು ಹಲೋ ಹಲೋ ಎನ್ನುತ್ತಿದ್ದಾನೆ.

ಪೊನ್ನುತಾಯಿ ತನ್ನ ಬುಟ್ಟಿಗೆ ಕೈ ಹಾಕಿ ಎರಡನೇ ಚೊಂಬು ತೆಗೆದು ಮೇಜಿನ ಮೇಲಿಟ್ಟಳು.

“ಪಕ್ಕದ ಮನೆ ಅಳಗಮ್ಮಾಳ್ ಅತ್ತೆದು. ನೆಗ್ಗಿದ್ದು ನಾನು ನೆನ್ನೇನೇ ಕಂಡೆ.”

ಎಂಟು!

ಚೆನ್ನೈಯವನು ಏನೋ ಕೇಳಿದ. ಸುಬ್ಬುಲಕ್ಷ್ಮಿಯವರು ಗಂಭೀರವಾಗಿ, “ಇಲ್ಲ ಸಾರ್, ಪುಸ್ತಕದಿಂದ ಅಲ್ಲ, ಚೊಂಬಿನಿಂದ ಓದ್ತಿದ್ದೀನಿ… ಹೌದು ಸಾರ್, ನೀರು ಕುಡಿಯೋ ಚೊಂಬು… ಸ್ಟೀಲು,” ಎಂದರು. ಆ ಕಡೆ ಅವನು ಯಾರನ್ನೋ ಕರೆದು ಹೇಳಿ ನಕ್ಕದ್ದು ನಮಗೂ ಕೇಳಿಸಿತು. ಆಮೇಲೆ ಒಪ್ಪಿಗೆಯ ನಂಬರ್ ಬಂತು. ವಾರದೊಳಗೆ ಕಮಿಷನ್ ಕಳೆದು ದುಡ್ಡು ಕಣಕ್ಕಿಗೆ ಬಿತ್ತು. ಐಪ್ಪಸಿ ಐದಕ್ಕೆ ಸರ ಬಿಡಿಸಿಕೊಂಡು ಬಂದು ನಾನೇ ಅವಳ ಕೊರಳಿಗೆ ಹಾಕಿದೆ. ಕೊಂಡಿ ಸಿಕ್ಕಿಸಲು ಬರದೆ ಹತ್ತು ನಿಮಿಷ ಒದ್ದಾಡಿದ್ದನ್ನು ಅವಳು ಈಗಲೂ ಹೇಳಿಕೊಂಡು ನಗುತ್ತಾಳೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಬ್ಯಾಂಕಿನಿಂದ ಹೊರಡುವಾಗ ಪೊನ್ನುತಾಯಿ ಸುಬ್ಬುಲಕ್ಷ್ಮಿಯವರನ್ನು ಕೇಳಿದ್ದಳು: “ನಂಬರ್ ಕೆಳಗೆ ಅತ್ತು, ಒಂದು ಗೀಟು, ತೊಂಬತ್ತೊಂಬತ್ತು ಅಂತ ಅದಲ್ಲಾ, ಅದೇನಮ್ಮಾ?”

“ಅದಾ? ತೊಂಬತ್ತೊಂಬತ್ತನೇ ಇಸವಿ ಅಕ್ಟೋಬರ್‌ವರೆಗೆ ಮಾತ್ರ ಚಾಲ್ತಿ ಅಂತ.”

ನಾನು ಎರಡೂ ಚೊಂಬನ್ನು ಬುಟ್ಟಿಯೊಳಗೆ ತುರುಕಿದೆ. ಕಲ್ಯಾಣದ ಚೊಂಬು! ‘ಅಕ್ಟೋಬರ್‌ವರೆಗೆ ಮಾತ್ರ ಚಾಲ್ತಿ’ ಎಂದು ಕೊರೆದು ನೂರ ಒಂದು ಮನೆಗೆ ಹಂಚಿಸಿದ್ದೆ! ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟ್ರು ಓದಿಬಿಟ್ಟರೆ ಸಾಕು. ಅಂದಿನಿಂದ ಒಂದು ವರ್ಷ ಮಾರ್ಕಯನ್‌ಕೋಟ್ಟೈ ಕಡೆಯ ಬಸ್ ಕಂಡರೆ ಅಂಗಡಿಯೊಳಗೆ ಬಗ್ಗಿ ಕೂರುತ್ತಿದ್ದೆ.

ಆ ವರ್ಷ ನಾನು ಇನ್ನೊಂದನ್ನೂ ಲೆಕ್ಕ ಹಾಕಿದೆ. ಎಳಿಲ್‌ನ ಹೆಸರು, ನಂಬರು, ತಾರೀಕು ಎಲ್ಲವೂ ಕಂಬಂನಿಂದ ಆಂಡಿಪಟ್ಟಿಯವರೆಗೆ ನೂರ ಒಂದು ಅಡುಗೆಮನೆಯಲ್ಲಿ ಬಿದ್ದಿತ್ತು. ಒಂದು ಪೈಸೆ ಆಚೀಚೆ ಆಗಲಿಲ್ಲ. ನಮ್ಮ ಜನ ಅದರಲ್ಲಿ ಮಜ್ಜಿಗೆ ಕುಡಿದರು, ಹುಣಸೆಹಣ್ಣು ಹಾಕಿ ತಿಕ್ಕಿದರು, ಬೋರಲು ಹಾಕಿದರು. ಎಂಥ ಜನರ ನಡುವೆ ಅಂಗಡಿ ಇಟ್ಟಿದ್ದೇನೆ ಎಂದು ಆಗ ಕೃತಜ್ಞತೆಯಿಂದ ಮನಸ್ಸು ತುಂಬಿಬಂತು. ಈಗಲೂ ಬರುತ್ತದೆ. ಊಟದ ಡಬ್ಬಿ ಮುಚ್ಚಿಟ್ಟು ಫೋನ್ ಹಿಡಿದ ಆ ಹೆಣ್ಣುಮಗಳನ್ನು, ಒಂದು ಚುಕ್ಕೆ ಬಿಡದ ಪಾಂಡಿಯವರನ್ನು ನೆನೆಯದೆ ನಾನು ಅಂಗಡಿ ಬಾಗಿಲು ತೆಗೆಯುವುದಿಲ್ಲ.

ತೊಂಬತ್ತೊಂಬತ್ತರ ಅಕ್ಟೋಬರ್ ಬಂದೇ ಬಂತು. ಒಂದು ಬೆಳಗ್ಗೆ ಮುತ್ತುಸೆಲ್ವಿಯೇ ಅಂಗಡಿ ಮೆಟ್ಟಿಲು ಹತ್ತಿದಳು. ಕಂಕುಳಲ್ಲಿ ಮೂರು ತಿಂಗಳ ಕೂಸು, ಹಿಂದೆ ರಜೆಗೆ ಬಂದಿದ್ದ ಎಳಿಲ್. ನಾನು ಎದ್ದುನಿಂತು ಕೈ ಮುಗಿದೇಬಿಟ್ಟೆ.

“ತಪ್ಪಾಗೋಯ್ತು ಮಗಳೇ, ಆ ಚೊಂಬು…”

ಅವಳು ನಗತೊಡಗಿದಳು. “ಚಿತ್ತಪ್ಪಾ, ನಮ್ಮನೆಯೋರು ಕಲ್ಯಾಣದ ಮಾರನೇ ದಿನಾನೇ ಓದಿ ಯೋಳ್ಬಿಟ್ರು. ಒಂದು ವರ್ಸದಿಂದ ನಾನು ಸಾರಿಗೆ ಉಪ್ಪು ಜಾಸ್ತಿ ಆಕಿದ್ರೆ, ‘ನೋಡ್ಕೋ, ಅಕ್ಟೋಬರ್ ವರ್ಗೂ ಅಷ್ಟೇ’ ಅಂತಾರೆ. ಅವ್ರು ಮನೆಗೆ ತಡವಾಗಿ ಬಂದ್ರೆ ನಾನೂ ಅದೇ ಅಂತೀನಿ. ಇವತ್ತು ಬೆಳಗ್ಗೆ ಚೊಂಬು ಕೈಲಿ ಇಡ್ಕೊಂಡು, ‘ಪುದುಸು ಮಾಡಾನಾ, ಒಸದಾಗಿ?’ ಅಂತ ಕೇಳಿದ್ರು. ಅದ್ಕೇ ಬಂದೆ. ಕೂಸಿಗೆ ಎಸ್ರು ಇಡೋ ದಿನ ಕೊಡಾಕೆ ಐವತ್ತೊಂದು ಚೊಂಬು ಬೇಕು. ಈ ಸಲ ತಾರೀಕು ಬೇಡ ಚಿತ್ತಪ್ಪಾ!”

ಎಳಿಲ್ ಜೇಬಿನಿಂದ ಹೊಸ ಕಾರ್ಡ್ ತೆಗೆದ. “ಅಳೇದು ಮುಗೀತು. ಇದು ಪುದುಸು.”

ನಾನು ಸೆಟೆದು ನಿಂತೆ. ಹೋದ ಮಾನ ವಾಪಸ್ಸು ತರುವ ಗಳಿಗೆ! ಮೆಷಿನನ್ನು ಮೆತ್ತನೆ ಬಟ್ಟೆಯಿಂದ ಒರೆಸಿದೆ. ಹೂವಿಲ್ಲ, ಗಂಧವಿಲ್ಲ, ನಿಂಬೆಹಣ್ಣನ್ನಂತೂ ಬೀದಿಯ ಆ ತುದಿಗೂ ಸೇರಿಸಿರಲಿಲ್ಲ. ಕಾರ್ಡ್ ಇಟ್ಟು ಉರುಳೆಗೆ ಕೈ ಹಾಕಿದೆ.

ಅಷ್ಟರಲ್ಲಿ ಕೊರಳಲ್ಲಿ ಮೂರು ಪವನ್ ಸರ ಮಿನುಗಿಸುತ್ತ ಪೊನ್ನುತಾಯಿ ಒಳಗಿನಿಂದ ಬಂದಳು. ಏನೂ ಹೇಳದೆ ಹಲಗೆಯ ಮೇಲಿಂದ ಕಾರ್ಡ್ ಎತ್ತಿದಳು. ಕೈಯಲ್ಲಿದ್ದ ನಮ್ಮ ಮನೆಯ ಆ ನೆಗ್ಗಿದ ಹಳೆಯ ಚೊಂಬಿನೊಳಗೆ ಅದನ್ನು ಠಣ್ ಎಂದು ಹಾಕಿ, ಹಿಂದಿನ ಕೋಣೆಗೆ ನೀಡಿದಳು.

“ಪಾಂಡಿಯಣ್ಣಾ, ಇದ್ರಲ್ಲೇ ಅಳೇ ನಂಬರ್ ಕೆಳಗೆ ಎಡೆ ಅದೆ. ಮೊದ್ಲು ನೀವು ಕೊರೀರಿ. ಆಮ್ಯಾಲೆ ಇವ್ರು ಎಷ್ಟು ಬೇಕಾದ್ರೂ ಉಜ್ಕೊಳ್ಳಲಿ.”

ಎಲ್ಲರೂ ನನ್ನ ಮುಖ ನೋಡಿದರು. ಕೂಸು ಕೂಡ.

“ಸರಿ,” ಎಂದೆ.